ತುಂಬಿದ ಮುಷ್ಟಿ

ಒಣಗಿಸುವ ಯಂತ್ರದ ಬಾಗಿಲು ತೆಗೆದಾಗ ಪುಡಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

ನಾಲ್ಕು ವರ್ಷಗಳಿಂದ ಅಡಿವೆಪ್ಪನೇ ಆ ಬಾಗಿಲು ತೆಗೆಯುವವನು. ನಾಲ್ಕು ವರ್ಷವೂ ಪುಡಿ ಬಿಳಿಜೋಳದ ಹಿಟ್ಟಿನ ಹಾಗೆ ಬಂದಿತ್ತು. ಅದರ ಬಣ್ಣದ ಬಗ್ಗೆ ಯಾರೂ ಒಂದು ಮಾತು ಆಡಿದ್ದಿಲ್ಲ. ಈ ಮಂಗಳವಾರ ಮಾತ್ರ ತಟ್ಟೆಯ ತುಂಬ ಎಳೆಗೂಸಿನ ಅಂಗಾಲಿನ ಬಣ್ಣ ಹರಡಿಕೊಂಡಿತ್ತು. ಬೆರಳು ಆಡಿಸಿ ನೋಡಿದ. ಗಂಟಿಲ್ಲ, ವಾಸನೆಯಿಲ್ಲ, ನುಣ್ಣಗೆ ಜಾರಿತು. ಏನೋ ತಪ್ಪಿದೆ ಎಂಬ ಅನುಮಾನ ಬಂತು. ಅದನ್ನು ಅಲ್ಲೇ ಒತ್ತಿ ಹಿಡಿದ.

ಅಷ್ಟರಲ್ಲಿ ಬಾಳಗೌಡ ಒಳಗೆ ಬಂದ. ಕಡಬಗಟ್ಟಿ ಹಾಲಿನ ಸಂಘಕ್ಕೆ ಇಪ್ಪತ್ತು ವರ್ಷದಿಂದ ಅವನೇ ಚೇರ್ಮನ್.

"ಏನಲೇ ಅಡಿವೆಪ್ಪಾ, ಗುಲ್ಕಂದ ಮಾಡೀಯೇನು?"

"ಇಲ್ರಿ ಗೌಡ್ರ. ಇವತ್ತ ಹಿಂಗ ಬಂದೈತಿ."

"ಕೆಟ್ಟೈತೇನು ಮತ್ತ?"

"ಯಂತ್ರಾನ ಕೇಳೂಣ್ರಿ."

ಯಂತ್ರವನ್ನೇ ಕೇಳಿದರು. ಮೂಲೆಯಲ್ಲಿದ್ದ ಎಣಿಕೆಯಂತ್ರದ ಬಾಯಿಗೆ ಅಡಿವೆಪ್ಪ ಒಂದು ಚಿಟಿಕೆ ಪುಡಿ ಹಾಕಿದ. ಅದು ಒಂದು ನಿಮಿಷ ಗುಂಯ್‌ಗುಟ್ಟಿ ಹಸಿರು ದೀಪ ಹೊತ್ತಿಸಿತು. ನೂರಕ್ಕೆ ತೊಂಬತ್ತೆಂಟು.

"ಹಸಿರು! ತೊಂಬತ್ತೆಂಟು!" ಬಾಳಗೌಡ ತೊಡೆ ತಟ್ಟಿದ. "ಬಿಳಿ ಪುಡಿಗೆ ಎಂದರ ತೊಂಬತ್ತೆಂಟು ಬಂದಿತ್ತೇನಲೇ? ಇದು ರಕ್ತದ ಬಣ್ಣ. ಕೂಸುಗಳಿಗೆ ರಕ್ತಾನ ಬೇಕಾಗಿದ್ದು. ಕಳಸು, ಕಳಸು."

ಕಳಿಸಿದ.

ಅದು ಔಷಧಗಳೆಲ್ಲ ಸೋತ ಮೇಲಿನ ಕಾಲ. ಹಿಂದಿನ ತಲೆಮಾರಿನವರು ನೆಗಡಿಗೂ ಗುಳಿಗೆ, ಕೋಳಿಗೂ ಗುಳಿಗೆ, ಆಕಳಿಗೂ ಗುಳಿಗೆ ಎಂದು ನುಂಗಿಸಿ ನುಂಗಿಸಿ, ರೋಗಾಣುಗಳನ್ನು ಗರಡಿಯಾಳುಗಳ ಹಾಗೆ ಸಾಕಿ ಬೆಳೆಸಿ, ತಾವು ಮಾತ್ರ ಆರಾಮಾಗಿ ಕಣ್ಣು ಮುಚ್ಚಿದ್ದರು. ಅವರು ಉಂಡ ಊಟದ ಎಂಜಲು ಈಗ ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಪಾಲಿಗೆ ಬಂದಿತ್ತು. ಅಂಗೈಯಷ್ಟಿರುವ ಕೂಸು; ಅದರ ಕರುಳಿಗೆ ಒಂದು ರೋಗಾಣು ಇಳಿದರೆ ಸಾಕು, ಯಾವ ಸೂಜಿಗೂ ಯಾವ ಔಷಧಕ್ಕೂ ಅದು ಬಗ್ಗುತ್ತಿರಲಿಲ್ಲ.

ಆಗ ಕೈಹಿಡಿದದ್ದು ತಿಳಿನೀರು. ಹಾಲನ್ನು ಕುದಿಸದೆ ಹೆಪ್ಪಿನಿಂದ ಒಡೆಸಿದರೆ ಗಡ್ಡೆ ಬೇರೆಯಾಗಿ, ತಿಳಿಯಾದ ಹಳದಿ ನೀರು ಉಳಿಯುತ್ತದಲ್ಲ, ಅದು. ಒಂದು ಕಾಲಕ್ಕೆ ಅದನ್ನು ಗಟಾರಕ್ಕೆ ಬಿಡುತ್ತಿದ್ದರು. ಅದರೊಳಗೆ ಲ್ಯಾಕ್ಟೋಫೆರಿನ್ ಎಂಬ ಒಂದು ಪ್ರೊಟೀನು ಬಹಳ ಕಡಿಮೆ ಪ್ರಮಾಣದಲ್ಲಿ ಇರುತ್ತದೆ. ಸುಮಾರು ಏಳುನೂರು ಮಣಿ ಪೋಣಿಸಿದ ಒಂದೇ ಸರ. ಅದು ತನ್ನಷ್ಟಕ್ಕೆ ತಾನೇ ಸುತ್ತಿಕೊಂಡು ಎರಡು ಗುಂಡಾಗಿ ಕೂರುತ್ತದೆ. ಒಂದೊಂದು ಗುಂಡಿನ ನಡುವೆ ಒಂದು ಸೀಳು. ಆ ಸೀಳಿಗೆ ಕಬ್ಬಿಣದ ಒಂದು ಕಣ ಸಿಕ್ಕಿತೋ, ಗುಂಡು ಮುಷ್ಟಿಯ ಹಾಗೆ ಮುಚ್ಚಿಕೊಳ್ಳುತ್ತದೆ. ಬಿಡುವುದಿಲ್ಲ.

"ರೋಗಾಣು ಬೆಳೀಬೇಕಂದ್ರ ಅದಕ್ಕ ಕಬ್ಬಿಣ ಬೇಕ್ರಿ," ಎಂದು ಸುಮಿತ್ರಾ ಕುಲಗೋಡ ಬಸುರಿಯರಿಗೆ ಹೇಳುತ್ತಿದ್ದಳು. ತಿಳಿನೀರು ಸೋಸಿ ಪುಡಿ ಮಾಡುವ ಸುತ್ತಿನ ನಾಲ್ಕು ತಿಳಿಮನೆಗಳಿಗೆ ಅವಳೊಬ್ಬಳೇ ಪರೀಕ್ಷಕಿ; ಊರಿನವರ ಬಾಯಲ್ಲಿ ಅಕ್ಕಾರು. ಎರಡೂ ಕೈ ಮುಂದೆ ಚಾಚಿ, ಬೆರಳು ಬಿಚ್ಚಿ ತೋರಿಸುತ್ತಿದ್ದಳು. "ಈ ಖಾಲಿ ಮುಷ್ಟಿ ಕೂಸಿನ ಹೊಟ್ಟ್ಯಾಗ ಹೋಗಿ, ಅಲ್ಲಿರೋ ಕಬ್ಬಿಣಾನೆಲ್ಲಾ ಹಿಡಕೊಂಡ್ ಕುಂತು ಬಿಡತೈತಿ. ರೋಗಾಣು ಉಪಾಸ ಬಿದ್ದು ಸಾಯತೈತಿ. ಹೊಡದ್ ಕೊಲ್ಲೋದಲ್ಲ, ಹಸಿವಿಲೆ ಕೊಲ್ಲೋದು." ಹೀಗಾಗಿ ಊರಿನವರು ಆ ಪ್ರೊಟೀನಿಗೆ ಮುಷ್ಟಿ ಎಂದೇ ಹೆಸರಿಟ್ಟಿದ್ದರು.

ಹಾಲಿನಲ್ಲಿ ಇರುವಾಗಲೇ ಹತ್ತರಲ್ಲಿ ಎರಡು ಮುಷ್ಟಿ ತುಂಬಿಯೇ ಇರುತ್ತವೆ. ತಿಳಿಮನೆಯಲ್ಲಿ ಅವನ್ನು ಸೋಸಿ ಹಿಡಿದು, ನಿಂಬೆಹುಳಿಯಲ್ಲಿ ಮುಳುಗಿಸಿ, ಹಿಡಿದದ್ದನ್ನೆಲ್ಲ ಬಿಡಿಸಿ, ಹುಳಿ ತೊಳೆದು, ಪೂರಾ ಖಾಲಿ ಮಾಡಿ ಒಣಗಿಸುತ್ತಿದ್ದರು. ಮುನ್ನೂರು ಮನೆಗಳು ದಿನಕ್ಕೆ ಹತ್ತು ಲೀಟರಿನಂತೆ ಹಾಲು ಕೊಟ್ಟರೆ ಪುಡಿ ಬರುವುದು ಒಂದು ಬೊಗಸೆ. ಆ ಬೊಗಸೆ ತಾಲೂಕಿನ ಆಸ್ಪತ್ರೆಯ ಕೂಸಿನ ವಾರ್ಡಿಗೆ ಹೋಗುತ್ತಿತ್ತು.

ಮಂಗಳವಾರದ ಗುಲಾಬಿಯ ಬೀಜ ಬಿದ್ದದ್ದು ಸೋಮವಾರ.

ಆ ದಿನ ಮಧ್ಯಾಹ್ನ ಗಾಳಿಗೆ ಕಂಬಗಳು ಉರುಳಿ ಕರೆಂಟು ಹೋಯಿತು. ಫೋನಿನ ಗೋಪುರವೂ ಸತ್ತಿತು. ತಣ್ಣನೆಯ ಸ್ಟೀಲ್ ತೊಟ್ಟಿಯಲ್ಲಿ ನಲವತ್ತು ಲೀಟರ್ ಮುಷ್ಟಿನೀರು ಒಣಗುವುದಕ್ಕೆ ಸಿದ್ಧವಾಗಿ ನಿಂತಿತ್ತು. ಗೋಡೆಯ ಮೇಲಿನ ನಿಯಮದ ಹಾಳೆ ಎರಡು ಮಾತು ಹೇಳುತ್ತಿತ್ತು. ಎರಡು ತಾಸು ತಂಪು ತಪ್ಪಿದರೆ ಚೆಲ್ಲಬೇಕು. ಸ್ಟೀಲಿನದು ಬಿಟ್ಟು ಬೇರೆ ಪಾತ್ರೆಗೆ ಹಾಕಬಾರದು. ಯಾಕೆ ಎಂದು ಹಾಳೆ ಹೇಳಿರಲಿಲ್ಲ. ಹಾಳೆ ಬರೆದವರಿಗೆ, ಏಳನೇ ಇಯತ್ತೆಗೆ ಶಾಲೆ ಬಿಟ್ಟ ಅಡಿವೆಪ್ಪನಂಥವನಿಗೆ ಯಾಕೆ ಎನ್ನುವುದು ಬೇಕಾಗಬಹುದು ಎಂದು ಹೊಳೆದಿರಲಿಲ್ಲ. ಅವನಿಗೆ 'ಮಾಡು', 'ಬ್ಯಾಡ' ಎರಡೇ ಸಾಕು ಎಂದುಕೊಂಡಿದ್ದರು.

ಅಡಿವೆಪ್ಪನದು ಹಾಲು ಕಾಸಿ ಬತ್ತಿಸಿ ಖವಾ ಮಾಡುವ ಮನೆತನ. ಅವರ ಮನೆಯಲ್ಲಿ ಹಾಲನ್ನು ನೆಲಕ್ಕೆ ಚೆಲ್ಲಿದ್ದನ್ನು ಯಾರೂ ಕಂಡಿಲ್ಲ. ಒಡೆದರೆ ಕಲಾಕಂದ, ಸೀದರೆ ನಾಯಿಗೆ, ಹುಳಿಯಾದರೆ ಮಜ್ಜಿಗೆ. ನೆಲಕ್ಕೆ ಮಾತ್ರ ಇಲ್ಲ. ಮುನ್ನೂರು ಮನೆಯ ಹಾಲಿನ ಸಾರ ಗಟಾರಕ್ಕೆ ಹೋಗುವುದನ್ನು ನೋಡುತ್ತ ನಿಲ್ಲುವುದು ಅವನಿಂದಾಗದ ಮಾತು. ಸಂಘದ ಸ್ಟೀಲ್ ಕ್ಯಾನುಗಳೆಲ್ಲ ಬೆಳಿಗ್ಗೆಯೇ ಹಾಲು ತುಂಬಿಕೊಂಡು ಪೇಟೆಗೆ ಹೋಗಿದ್ದವು. ಮನೆಗೆ ಓಡಿದ.

"ಅಪ್ಪಾ, ದೊಡ್ಡ ಕಡಾಯಿ ಬೇಕು."

ಅವನಪ್ಪ ಸಿದ್ರಾಮಪ್ಪ ಇನ್ನೂ ವಾರಕ್ಕೆ ಮೂರು ದಿನ ಖವಾ ಹಾಕುವವನು. "ಯಾಕೋ? ನಿಮ್ಮ ಅರಮನಿಯಾಗ ಪಾತ್ರಿ ಇಲ್ಲೇನು?"

"ಕಾಲುವಿ ನೀರಾಗ ಇಟ್ಟು ತಂಪ ಮಾಡಬೇಕು. ಕೂಸುಗಳ ಪುಡಿ ಹಾಳಾಕ್ಕೈತಿ."

ಕೂಸುಗಳು ಎಂದದ್ದೇ ತಡ, ಮುದುಕ ಎದ್ದ. "ಹಂಗಾದ್ರ ಛಲೋತಂಗ ತಿಕ್ಕಬೇಕಲೇ. ಜಿಡ್ಡಿನ ಕಡಾಯಿಯಾಗ ಹಸುಗೂಸಿನ ಔಷಧ ಹಾಕತಾರೇನು?"

ಅಪ್ಪ ಮಗ ಇಬ್ಬರೂ ಕೂತು ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಿಂದ ಅರ್ಧ ತಾಸು ತಿಕ್ಕಿದರು. ಮೂವತ್ತು ವರ್ಷದ ಖವಾದ ಕರೀ ಜಿಡ್ಡು ಹೋಗಿ ಕಡಾಯಿ ಹೊಸ ಕಬ್ಬಿಣದ ಹಾಗೆ ಹೊಳೆಯಿತು. ಅದನ್ನು ಹೊತ್ತು ತಂದು ಕಾಲುವೆಯ ಹರಿಯುವ ನೀರಿನಲ್ಲಿ ಇಟ್ಟು, ಮುಷ್ಟಿನೀರು ಸುರಿದು, ಮೇಲೆ ಬಿಳಿ ಬಟ್ಟೆ ಕಟ್ಟಿದ. ಆರು ತಾಸು ಪಕ್ಕದಲ್ಲೇ ಕೂತು ನೊಣ ಓಡಿಸಿದ. ಕರೆಂಟು ಬಂದ ಮೇಲೆ ಒಣಗಲು ಹಾಕಿದ. ನೋಂದಣಿ ಪುಸ್ತಕದಲ್ಲಿ ಪಾತ್ರೆ ಎಂಬ ಮನೆಯ ಎದುರಿಗೆ, ದಿನವೂ ಬರೆಯುವ ಹಾಗೆ, 'ಸ್ಟೀಲ್' ಎಂದು ಬರೆದ. ಬರೆಯುವಾಗ ಒಂದು ಗಳಿಗೆ ಪೆನ್ನು ನಿಂತಿತ್ತು. ಆಮೇಲೆ ನಡೆಯಿತು.

ಬುಧವಾರ ಸಂಜೆ ಹೆಂಡತಿ ಕಾಶವ್ವ ಮನೆಗೆ ಬಂದಾಗ ಅಡಿವೆಪ್ಪ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ. ಕೂಸಿನ ವಾರ್ಡಿನಲ್ಲಿ ಅವಳು ಆಯಾ. ಚಪ್ಪಲಿ ಕಳಚುತ್ತಲೇ ಮಾತು ಶುರು ಮಾಡಿದಳು.

"ನಿಮ್ಮ ಗುಲಾಬಿ ಪುಡಿ ಅಂದ್ರ ಸಿಸ್ಟರಮ್ಮಗ ಏನ್ ಸಂತೋಷ ಅಂತೀರಿ! 'ಕಾಶವ್ವಾ, ನಿನ್ನ ಗಂಡ ಕೂಸಿಗೆ ಲಿಪ್‌ಸ್ಟಿಕ್ ಕಳಸ್ಯಾನ' ಅಂತ ನಕ್ಕಿದ್ದಾ ನಕ್ಕಿದ್ದು."

ಒಲೆಯ ಮುಂದಿನಿಂದ ಸಿದ್ರಾಮಪ್ಪ ಹೇಳಿದ: "ನಮ್ಮ ಕಡಾಯಿ ಗುಣವಾ ಅದು. ನಮ್ಮ ಖವಾಕ್ಕೂ ಹಂಗಾ ಬಣ್ಣ ಬರತೈತಿ."

"ಸುಮ್ನಿರಪಾ," ಎಂದ ಅಡಿವೆಪ್ಪ, ಬೇಕಾದ್ದಕ್ಕಿಂತ ಜೋರಾಗಿ.

ಕಾಶವ್ವ ರೊಟ್ಟಿಹಿಟ್ಟಿಗೆ ನೀರು ಹಾಕಿದಳು. ನಾದುತ್ತ ನಾದುತ್ತ ಅವಳ ದನಿ ಇಳಿಯಿತು. "ಆದ್ರ ಏಳನೇ ನಂಬರಿನ ಕೂಸು ಯಾಕೋ ಮೆತ್ತಗಾಗೇತ್ರಿ. ಮುಂಜಾನಿಂದ ಜ್ವರ. ದ್ಯಾಮವ್ವಂದು, ಆ ಇಟ್ಟಂಗಿ ಭಟ್ಟಿಯಾಕಿದು. ಏಳ ತಿಂಗಳಿಗೆ ಹಡದಾಳ. ಮೂರನೇ ನಂಬರಿಂದೂ ಮೈ ಬಿಸಿ ಆಗೇತಿ. ಪುಡಿ ಕುಡಿಯೋ ಕೂಸುಗಳಿಗೆ ಹಿಂಗ ಆಗಿದ್ದಿಲ್ಲ ನೋಡ್ರಿ, ಎಂದೂ ಆಗಿದ್ದಿಲ್ಲ."

ಅಡಿವೆಪ್ಪ ಚಹಾದ ಕಪ್ಪು ಕೆಳಗಿಟ್ಟ. "ಕೂಸು ಅಂದ್ರ ಜ್ವರ ಬರತಾವ," ಎಂದ. ಆ ಮಾತು ಅವನ ಕಿವಿಗೇ ಹೊಲಸಾಗಿ ಕೇಳಿಸಿತು.

ಗುರುವಾರ ಬೆಳಿಗ್ಗೆ ಅವನು ತಿಳಿಮನೆಯ ಕಪಾಟಿನಿಂದ ಹೋದ ವಾರದ ಬಿಳಿ ಪುಡಿಯ ಮಾದರಿ ಶೀಶೆ ತೆಗೆದ. ಬಾಗಿಲು ಮುಂದೆ ಮಾಡಿಕೊಂಡ. ಯಾರೂ ಅವನಿಗೆ ಈ ಪರೀಕ್ಷೆ ಕಲಿಸಿರಲಿಲ್ಲ. ಅಕ್ಕಾರು ಎರಡು ಕೈ ಬಿಚ್ಚಿ ಮುಚ್ಚಿ ತೋರಿಸಿದ್ದನ್ನು ನೂರು ಸಲ ನೋಡಿದ್ದ, ಅಷ್ಟೇ. ಒಂದು ಗಾಜಿನ ಲೋಟದಲ್ಲಿ ಬಿಳಿ ಪುಡಿ ಕದಡಿದ. ಹಳೇ ಮೊಳೆಯೊಂದನ್ನು ಸ್ವಲ್ಪ ಹುಣಸೆನೀರಿನಲ್ಲಿ ನೆನೆಹಾಕಿ, ಆ ನೀರನ್ನು ನಾಲ್ಕು ಹನಿ ಬಿಟ್ಟ.

ಲೋಟ ನಿಧಾನಕ್ಕೆ ಕೆಂಪೇರಿತು. ಎಳೆಗೂಸಿನ ಅಂಗಾಲಿನ ಬಣ್ಣ.

ಮತ್ತೊಂದು ಲೋಟದಲ್ಲಿ ಗುಲಾಬಿ ಪುಡಿ ಕದಡಿ, ಅದಕ್ಕೆ ನಿಂಬೆಹುಳಿ ಸುರಿದ. ಮುಷ್ಟಿ ಬಿಚ್ಚಿತು. ಬಣ್ಣ ಹೋಯಿತು.

ಎರಡು ಲೋಟಗಳ ನಡುವೆ ಅಡಿವೆಪ್ಪ ನಿಂತುಕೊಂಡ. ಈಗ ಎಲ್ಲ ತಿಳಿಯಿತು. ಅವನು ಕಳಿಸಿದ ಒಂದೊಂದು ಮುಷ್ಟಿಯೂ ಕೂಸಿನ ಬಾಯಿಗೆ ಹೋಗುವ ಮೊದಲೇ ತುಂಬಿಹೋಗಿತ್ತು. ತುಂಬಿದ ಕೈಯಿಂದ ಏನನ್ನು ಕಸಿಯುವುದು? ಕೂಸಿನ ಹೊಟ್ಟೆಯಲ್ಲಿ ರೋಗಾಣು ಹೊಟ್ಟೆ ಬಿರಿಯೆ ಉಣ್ಣುತ್ತಿತ್ತು, ಕಾವಲಿಗೆ ಹೋದವನು ಕೈ ಕಟ್ಟಿಕೊಂಡು ನೋಡುತ್ತಿದ್ದ. ಕಡಾಯಿ ಜಿಡ್ಡಾಗಿಯೇ ಇದ್ದಿದ್ದರೆ ಇಷ್ಟು ಕಬ್ಬಿಣ ಬಿಡುತ್ತಿರಲಿಲ್ಲವೋ ಏನೋ. ಕೂಸುಗಳಿಗೆ ಎಂದು ಹುಣಸೆಹುಳಿ ಹಚ್ಚಿ ತಿಕ್ಕಿದ್ದ. ತಿಕ್ಕಿ ತಿಕ್ಕಿ ಕಬ್ಬಿಣದ ಚರ್ಮ ಸುಲಿದಿದ್ದ.

ಮತ್ತೆ ಹಸಿರು ದೀಪ? ಆ ಯಂತ್ರ ಎಷ್ಟು ಮುಷ್ಟಿ ಇವೆ ಎಂದು ಎಣಿಸುತ್ತದೆ. ಮುಷ್ಟಿಯೊಳಗೆ ಏನಿದೆ ಎಂದು ಬಿಚ್ಚಿ ನೋಡುವುದಿಲ್ಲ. ತಂಪು ಕೋಣೆಯಲ್ಲಿ ಕೂತು ಅದನ್ನು ಮಾಡಿದ ಬುದ್ಧಿವಂತರಿಗೆ, ಖವಾದವರ ಮನೆಯ ಕಡಾಯಿ ಕನಸಿನಲ್ಲೂ ಬಂದಿರಲಿಲ್ಲ.

ಗೋಡೆಯ ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

ಫೋನು ಜೇಬಿನಲ್ಲೇ ಇತ್ತು. ಗೋಪುರವೂ ಎದ್ದು ನಿಂತಿತ್ತು. ಅಕ್ಕಾರ ನಂಬರು ಒತ್ತಿದರೆ ಸಾಕು. ಅವನು ಫೋನು ಕೈಗೆ ತೆಗೆದುಕೊಂಡ. ಹೊರಗೆ ಕಾರಿನ ಹಾರನ್ನು ಕೂಗಿತು.

"ಏ ಅಡಿವೆಪ್ಪಾ, ಬಾರಲೇ! ಮಂದಿ ಎಲ್ಲಾ ಸೇರ್ಯಾರ, ನೀನಾ ಇಲ್ಲಂದ್ರ ಹ್ಯಾಂಗ?"

ಬಾಳಗೌಡ ಸಮುದಾಯ ಭವನದಲ್ಲಿ ಸಭೆ ಇಟ್ಟಿದ್ದ. ಗಾಳಿಗೆ ಕರೆಂಟು ಹೋದರೂ ಒಂದು ಹನಿ ಹಾಳಾಗದಂತೆ ಕಾಲುವೆಯಲ್ಲಿ ಕಾಪಾಡಿದ ಅಡಿವೆಪ್ಪ. ನೂರಕ್ಕೆ ತೊಂಬತ್ತೆಂಟು ಬಂದ ಕಡಬಗಟ್ಟಿಯ ಗುಲಾಬಿ ಪುಡಿ. ಯಾವ ಪಾತ್ರೆಯಲ್ಲಿ ಕಾಪಾಡಿದೆ ಎಂದು ಒಬ್ಬನೂ ಕೇಳಿರಲಿಲ್ಲ. ಮುನ್ನೂರು ಮನೆಯ ಹೆಂಗಸರು ಗಂಡಸರು ಚಪ್ಪಾಳೆ ಹೊಡೆದರು. ಬಾಳಗೌಡ ಕೆಂಪು ಶಾಲು ಹೊದಿಸಿದ. ಏಳನೇ ಇಯತ್ತೆಯಲ್ಲಿ ಅಡಿವೆಪ್ಪನನ್ನು ಬೆಂಚಿನ ಮೇಲೆ ನಿಲ್ಲಿಸಿ 'ಹಾಲು ಕಾಸಾಕ ಹೋಗೋ ಮಗನ' ಎಂದು ಬೈದಿದ್ದ ಮಾಸ್ತರ ಕೂಡ ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದ.

ಅವನು ಹೆದರಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದರೆ ಕ್ಷಮಿಸಬಹುದಿತ್ತು. ಹೆದರಿಕೆಗೆ ಒಂದು ಮರ್ಯಾದೆಯಾದರೂ ಇದೆ. ಅವನಿಗೆ ಹೆದರಿಕೆಯಾಗಿರಲಿಲ್ಲ. ಶಾಲು ಬೆಚ್ಚಗಿತ್ತು. ಇಷ್ಟೇ. ಹುಟ್ಟಿದಾಗಿನಿಂದ ಯಾರೂ ಹೊದಿಸದಿದ್ದ ಶಾಲು ಇನ್ನೊಂದು ತಾಸು ಹೆಗಲ ಮೇಲಿರಲಿ ಎಂದುಕೊಂಡ. ಸಭೆ ಮುಗಿಯಲಿ, ಆಮೇಲೆ ಹೇಳಿದರಾಯಿತು. ಊಟ ಆಗಲಿ. ಇಷ್ಟು ಮಂದಿಯ ಎದುರಿಗೆ ಹ್ಯಾಗೆ ಹೇಳುವುದು. ನಾಳೆ ಶುಕ್ರವಾರ, ಅಕ್ಕಾರು ಹ್ಯಾಗಿದ್ದರೂ ಬರುವ ದಿನ. ಒಂದು ನೆಪದ ಬಾಲ ಹಿಡಿದು ಇನ್ನೊಂದು ಬಂತು. ಗೋಧಿ ಹುಗ್ಗಿ ಉಂಡ. ಎರಡನೇ ಸಲವೂ ಹಾಕಿಸಿಕೊಂಡ.

ಸಂಜೆ ಕಾಶವ್ವ ಆರು ಗಂಟೆಗೆ ಬಂದಳು. ಚಪ್ಪಲಿ ಕಳಚಲಿಲ್ಲ. ಹೊಸ್ತಿಲ ಮೇಲೇ ಕೂತಳು.

"ಏಳನೇ ನಂಬರ್ ಹೋತ್ರಿ."

ಸಿದ್ರಾಮಪ್ಪ ಬೀಡಿ ಆರಿಸಿದ.

"ನಾಕ ಗಂಟೇಕ. ನಾನಾ ಮೈ ತೊಳದ್ನಿ. ಬಟ್ಟಿ ಸುತ್ತಿದ್ರ ಏನೂ ಸುತ್ತಿದಂಗ ಆಗಲಿಲ್ಲ, ಬರೇ ಬಟ್ಟಿ ಹಿಡಕೊಂಡಂಗ ಆತು. ಆಕಿ, ದ್ಯಾಮವ್ವ, ಅಳಲಿಲ್ಲ. 'ಅದಕ್ಕ ಹೆಸರಿಟ್ಟಿಲ್ಲಕ್ಕಾ, ಏನಂತ ಕರದು ಅಳಲಿ' ಅಂದ್ಳು." ಕಾಶವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೂರನೇ ನಂಬರು, ಐದು, ಎಂಟು, ಮೂರೂ ಹತ್ರ ಹತ್ರ ಹಂಗಾ ಅದಾವು. ಏಳು ಗಂಟೇಕ ಮತ್ತ ಪುಡಿ ಕುಡಸೂದೈತಿ, ಕುಡಿದ್ರ ಆರಾಮ ಆಕ್ಕಾವೇನೋ ನೋಡಬೇಕು."

"ಕುಡಸಬ್ಯಾಡ," ಎಂದ ಅಡಿವೆಪ್ಪ.

"ಏನು?"

"ಪುಡಿ ಕುಡಸಬ್ಯಾಡ. ಅದು ತುಂಬೈತಿ." ಅವನು ಎದ್ದು ನಿಂತ. "ಕಡಾಯಿ ಕಬ್ಬಿಣ ಹಿಡಕೊಂಡು ಬಂದೈತಿ. ಮುಷ್ಟಿ ಖಾಲಿ ಇಲ್ಲ, ಕಾಶೀ. ಅದು ಔಷಧ ಅಲ್ಲ."

ಕಾಶವ್ವ ಅವನ ಮುಖವನ್ನೇ ನೋಡಿದಳು. ನಾಲ್ಕು ವರ್ಷ ವಾರ್ಡಿನಲ್ಲಿ ಅಕ್ಕಾರ ಮಾತು ಕೇಳಿದ್ದ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಎದ್ದಳು. "ಗಾಡಿ ತಗೀರಿ."

"ಅಕ್ಕಾರಿಗೆ ಮೊದಲ…"

"ಗಾಡಿ ತಗೀರಿ ಅಂದೆ!"

ಹಾದಿಯುದ್ದಕ್ಕೂ ಅವಳು ಹಿಂದಿನಿಂದ ಫೋನಿನಲ್ಲಿ ವಾರ್ಡಿಗೆ ಕೂಗುತ್ತಲೇ ಇದ್ದಳು: "ಸಿಸ್ಟರ್, ಏಳು ಗಂಟೀದ್ದು ಕುಡಸಬ್ಯಾಡ್ರಿ, ಕೈ ಮುಗೀತೀನಿ, ನಾ ಬರೂಮಟ ಕುಡಸಬ್ಯಾಡ್ರಿ."

ಕೂಸಿನ ಡಾಕ್ಟರು ತಸ್ನೀಮ್ ನದಾಫ. ಅಡಿವೆಪ್ಪ ನಿಂತುಕೊಂಡೇ ಹೇಳಿದ: ಕರೆಂಟು, ಕಾಲುವೆ, ಕಡಾಯಿ, ಹುಣಸೆಹಣ್ಣು, ಪುಸ್ತಕದಲ್ಲಿ ಬರೆದ ಸುಳ್ಳು. ಅವಳು ಕೊನೆಯವರೆಗೆ ಕೇಳಿದಳು. ಪುಡಿಯ ಡಬ್ಬಿಗಳನ್ನು ತಾನೇ ಎತ್ತಿ ಬೀರುವಿನಲ್ಲಿಟ್ಟು ಕೀಲಿ ಹಾಕಿದಳು.

"ಕೆಲವು ರೋಗಾಣು ಆ ಮುಷ್ಟಿನ ಬಿಚ್ಚಿ ಕಬ್ಬಿಣ ಕಿತ್ಕೊಂತಾವ, ಗೊತ್ತೈತೇನಪಾ?" ಎಂದಳು ಕೊನೆಗೆ, ಸಿಟ್ಟಿಲ್ಲದೆ, ಬಹಳ ದಣಿದು. "ನಾವು ಬುತ್ತಿ ಕಟ್ಟಿ ಕಳಿಸಿದಂಗ ಆತು."

"ಏಳನೇ ನಂಬರು… ಅದರಿಂದಾನಾ ಹೋತೇನ್ರಿ?"

"ಹೇಳಾಕ ಬರೂದಿಲ್ಲ. ಬಿಳಿ ಪುಡಿ ಕುಡದ ಕೂಸುಗಳೂ ಹೋಗ್ತಾವ. ಬಿಳಿದು ಇದ್ದಿದ್ರ ಉಳೀತಿತ್ತು ಅಂತ ನಾ ಹೇಳಲಾರೆ, ಉಳೀತಿರಲಿಲ್ಲ ಅಂತಾನೂ ಹೇಳಲಾರೆ." ಪೆನ್ನು ಕೈಗೆತ್ತಿಕೊಂಡಳು. "ನಿನಗ ಇದು ಯಾವಾಗ ಗೊತ್ತಾತು?"

ಅಡಿವೆಪ್ಪನ ಬಾಯಿ ತೆರೆಯಿತು.

"ಈಗಾರೀ, ಡಾಕ್ಟರ," ಎಂದಳು ಕಾಶವ್ವ. "ಸಂಜಿಕ ನಾ ಹೋಗಿ ಕೂಸಿನ ಸುದ್ದಿ ಹೇಳಿದ ಮ್ಯಾಲ ಹೊಳದೈತಿ. ಹೊಳದ ಗಳಿಗಿಗೆ ಬಂದೇವಿ." ಅವಳು ಅದನ್ನು ನಂಬಿದ್ದಳು. ಗಂಡನ ಪರವಾಗಿ ಗಟ್ಟಿ ದನಿಯಲ್ಲಿ ಹೇಳಿದಳು.

ಡಾಕ್ಟರು ಬರೆದುಕೊಂಡಳು: ಸಂಜೆ ಆರು. ಅಡಿವೆಪ್ಪ ಬಾಯಿ ಮುಚ್ಚಿದ.

ಆಮೇಲೆ ಕೆಲಸ ತನ್ನಷ್ಟಕ್ಕೆ ಓಡಿತು. ಸುಮಿತ್ರಾ ಕುಲಗೋಡ ಬಂದು, ಗುಲಾಬಿ ಪುಡಿಯನ್ನೆಲ್ಲ ಹಿಂದಕ್ಕೆ ಒಯ್ದು, ನಿಂಬೆಹುಳಿಯಲ್ಲಿ ತೊಳೆದು ಖಾಲಿ ಮಾಡಲು ಎರಡು ದಿನ ಬೇಕು ಎಂದಳು. ಎರಡು ದಿನ ಏನು ಮಾಡುವುದು? ತಾಯಿಯ ಹಾಲಿನಲ್ಲಿ, ಅದರಲ್ಲೂ ಹಡೆದ ಹೊಸತಿನ ಹಾಲಿನಲ್ಲಿ, ಇದೇ ಮುಷ್ಟಿ ಹಸುವಿನ ಹಾಲಿಗಿಂತ ಎಷ್ಟೋ ಪಟ್ಟು ಇರುತ್ತದೆ, ಅದೂ ಬಹುಪಾಲು ಖಾಲಿ. ಆದರೆ ತಿಂಗಳು ತುಂಬದೆ ಹಡೆದವರಿಗೆ ಹಾಲು ಇಳಿಯುವುದೇ ಕಷ್ಟ. ವಾರ್ಡಿನ ಏಳು ತಾಯಂದಿರಲ್ಲಿ ಆರು ಮಂದಿಗೆ ಹನಿ ಹನಿ ಬರುತ್ತಿತ್ತು. ಧಾರಾಳ ಇಳಿದದ್ದು ಒಬ್ಬಳಿಗೆ. ದ್ಯಾಮವ್ವನಿಗೆ.

ಶುಕ್ರವಾರ ಬೆಳಿಗ್ಗೆ ಡಾಕ್ಟರು ತಾಯಂದಿರನ್ನೆಲ್ಲ ಕೂರಿಸಿ, ಅಡಿವೆಪ್ಪನನ್ನು ಮುಂದೆ ನಿಲ್ಲಿಸಿ, "ನೀನಾ ಹೇಳು," ಎಂದಳು. ಹೇಳಿದ. ಕಡಾಯಿಯವರೆಗೆ ಹೇಳಿದ.

ಒಬ್ಬಳು ಬೈದಳು, ಇಬ್ಬರು ಅತ್ತರು. ಮೂರನೇ ನಂಬರಿನ ಕೂಸಿನ ಅಜ್ಜಿ ಮಾತ್ರ ಎದ್ದು, "ಬೈಬ್ಯಾಡ್ರೇ ಅವಂಗ," ಎಂದಳು. "ಹಾಲು ಚೆಲ್ಲಬಾರದು ಅಂತ ಮಾಡ್ಯಾನ. ನಾವಾಗಿದ್ರೂ ಅದನ್ನಾ ಮಾಡ್ತಿದ್ವಿ. ಗೊತ್ತಾದ ಕೂಡ್ಲೆ ಓಡಿ ಬಂದು ಹೇಳ್ಯಾನ. ಬ್ಯಾರೇ ಯಾವನಾಗಿದ್ರೂ ಮುಚ್ಚಿ ಇಡ್ತಿದ್ದ." ಉಳಿದವರು ಹೌದೆಂದರು. ಅಕ್ಕಾರು ಕೂಡ, ಯಂತ್ರಕ್ಕೆ ಬಣ್ಣ ನೋಡುವ ಕಣ್ಣು ಇಡಬೇಕೆಂದು ತಾನು ಎರಡು ಸಲ ಬರೆದರೂ ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ, ತಪ್ಪು ತನ್ನದೂ ಇದೆ ಎಂದಳು. ಎಲ್ಲರೂ ಅವನ ತಪ್ಪನ್ನು ತುಂಡು ತುಂಡು ಮಾಡಿ ಹಂಚಿಕೊಳ್ಳುತ್ತಿದ್ದರು. ಅವನ ಪಾಲಿಗೆ ಉಳಿದದ್ದು ಯಾರಿಗೂ ಕಾಣದ ಒಂದೇ ತುಂಡು.

ತಾಯಂದಿರು ಚದುರಿದರು. ಕಾಶವ್ವ ಅವನ ಕೈಗೆ ಒಂದು ಸ್ಟೀಲ್ ವಾಟೆ ಕೊಟ್ಟು, ಕುದಿಯುವ ನೀರಿನಲ್ಲಿ ಅದ್ದಿ ತಂದಿದ್ದೇನೆ, ಪರದೆಯ ಹಿಂದೆ ದ್ಯಾಮವ್ವ ಹಾಲು ಹಿಂಡುತ್ತಿದ್ದಾಳೆ, ಹೊರಗಿನಿಂದಲೇ ಕೊಡು, ತುಂಬಿದ್ದನ್ನು ಇಸಿದುಕೋ ಎಂದು ಹೇಳಿ ಮೂರನೇ ನಂಬರಿನ ಕಡೆ ಓಡಿದಳು.

ಹಸಿರು ಪರದೆ. ಅದರ ಸಂದಿಯಿಂದ ಒಂದು ಕೈ ಬಂತು. ಇಟ್ಟಂಗಿ ಹೊತ್ತು ಬೆರಳ ತುದಿ ಸವೆದ ಕೈ. ವಾಟೆ ಇಸಿದುಕೊಂಡು ಒಳಗೆ ಹೋಯಿತು.

"ಅಡಿವೆಪ್ಪಣ್ಣ ಏನು?"

"ಹೂಂ."

"ಕಾಶವ್ವಕ್ಕ ಹೇಳಿದ್ಳು ನೀ ಉಂಡಿಲ್ಲಂತ. ಉಣ್ಣಣ್ಣಾ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ." ಪರದೆಯ ಹಿಂದೆ ವಾಟೆಗೆ ಹಾಲು ಬೀಳುವ ಸಣ್ಣ ಸದ್ದು, ತಡೆದು ತಡೆದು. "ನಮ್ಮ ಭಟ್ಟಿ ಮಾಲಕ ಆಗಿದ್ರ ನೋಡ್ತಿದ್ದಿ, ಬಸರೀನ ಕೆಡವಿದ್ರೂ ಗೊತ್ತಿಲ್ಲ ಅಂತಿದ್ದ. ನೀ ಗೊತ್ತಾದ ಕೂಡ್ಲೆ ಬಂದಿ. ನಮ್ಮಣ್ಣ ಇದ್ದಿದ್ರೂ ಹಂಗಾ ಬರತಿದ್ದ. ನನ್ನ ಕೂಸಿನ ನಸೀಬಾ ಇಷ್ಟು. ಒಂದೆರಡ ತಾಸ ಮೊದಲ ಹೊಳದಿದ್ರ ಅಂತ ಅನಸ್ತೈತಿ, ಆದ್ರ ಹೊಳೀಬೇಕಲ್ಲ? ಹೊಳಿಯೂದು ಯಾರ ಕೈಯಾಗ ಐತಿ?"

ಅಡಿವೆಪ್ಪ ಪರದೆಯ ಬಟ್ಟೆಯನ್ನೇ ನೋಡುತ್ತ ನಿಂತ. ಇಲ್ಲಿಂದ ಹೊರಟುಬಿಡಬಹುದಿತ್ತು. ಕಾಗದದಲ್ಲಿ ಸಂಜೆ ಆರು ಎಂದೇ ಇತ್ತು. ಹೆಂಡತಿ ಅದನ್ನೇ ನಂಬಿದ್ದಳು. ಈ ಹೆಂಗಸಿಗೆ ಇರುವುದು ಅದೊಂದೇ ಸಮಾಧಾನ, ಅದನ್ನು ಕಿತ್ತುಕೊಳ್ಳುವುದು ಪಾಪ ಎಂಬ ನೆಪವೂ ತಯಾರಾಗಿಯೇ ನಿಂತಿತ್ತು. ನಿನ್ನೆ ಬಂದ ನೆಪಗಳ ತಮ್ಮನೇ ಅದು. ಮುಖದಿಂದಲೇ ಗುರುತು ಸಿಕ್ಕಿತು.

"ದ್ಯಾಮವ್ವಾ," ಎಂದ. "ನನಗ ಸಂಜಿಕ ಗೊತ್ತಾಗಿದ್ದಲ್ಲ."

ಹಾಲಿನ ಸದ್ದು ನಡೆದೇ ಇತ್ತು.

"ನಿನ್ನೆ ಮುಂಜಾನಿ ಹನ್ನೊಂದಕ್ಕ ಗೊತ್ತಾತು. ಪರೀಕ್ಷಾ ಮಾಡಿ ನೋಡಿದ್ನಿ. ಖಾತ್ರಿ ಆತು. ಫೋನು ಕೈಯಾಗ ಇತ್ತು. ನನಗ ಶಾಲು ಹೊದಸೂದಿತ್ತು. ಹೋದೆ. ಹೊದಿಸ್ಕೊಂಡೆ. ಹುಗ್ಗಿ ಉಂಡೆ. ನಿನ್ನ ಕೂಸು ಹೋಗಿದ್ದು ನಾಕಕ್ಕ."

ಸದ್ದು ನಿಂತಿತು.

ಪಕ್ಕದ ಕೋಣೆಯಲ್ಲಿ ಯಂತ್ರವೊಂದು ಯಾವುದೋ ಕೂಸಿನ ಉಸಿರನ್ನು ಟಿಕ್ ಟಿಕ್ ಎಂದು ಎಣಿಸುತ್ತಿತ್ತು. ಅವನು ಬೈಗುಳಕ್ಕೆ ಕಾದ. ಏಟು ಬಿದ್ದರೂ ಆದೀತು ಎಂದು ಕಾದ.

"ಐದು ತಾಸು," ಎಂದಿತು ಒಳಗಿನ ದನಿ. ಅಳು ಇರಲಿಲ್ಲ. ಬೆರಳು ಮಡಚಿ ಎಣಿಸಿದ ಹಾಗಿತ್ತು. "ಐದು ತಾಸ ನಾ ಅದರ ಕಾಲು ಹಿಡಕೊಂಡ್ ಕುಂತಿದ್ನಿ. ಡಾಕ್ಟರ ಏನರ ಮಾಡ್ತಾರ, ಏನರ ಬರತೈತಿ ಅಂತ ಬಾಗಿಲ ಕಡೆ ನೋಡಕೋತ ಕುಂತಿದ್ನಿ."

"ತಪ್ಪಾತು…"

"ಸುಮ್ಮನಿರು." ಒಂದು ಉಸಿರು. "ಅಣ್ಣಾ ಅಂದಿದ್ದೆ ನಿನಗ. ಎಷ್ಟ್ ಸಲ ಅಂದ್ನಿ? ಮೂರೋ ನಾಕೋ. ಅಷ್ಟೂ ಹಿಂದಕ್ಕ ತಗೊಂಡೇನಿ."

ಪರದೆಯ ಸಂದಿಯಿಂದ ವಾಟೆ ಹೊರಗೆ ಬಂತು. ಅರ್ಧ ತುಂಬಿತ್ತು. ದಪ್ಪ ಹಳದಿ ಹಾಲು. ವಾಟೆ ಓರೆಯಾಗಲಿಲ್ಲ.

"ಏ, ಇದನ್ನ ಮೂರನೇ ನಂಬರಿಗೆ ಒಯ್ದು ಕೊಡು. ಆರಿ ಹೋಗೂಕಿಂತ ಮೊದಲ. ಕೊಟ್ಟು, ಡಾಕ್ಟರ ಕಡೆ ಹೋಗಿ ಆ ಕಾಗದದಾಗ ಹನ್ನೊಂದು ಅಂತ ಬರಸು. ನನ್ನ ಕೂಸಿಗೆ ಹೆಸರಂತೂ ಇಲ್ಲ, ಅದರ ಕಾಗದದಾಗ ಹೊತ್ತರ ಖರೇ ಇರಲಿ. ಬರಸಿ ಬಂದು ಇನ್ನೊಂದು ವಾಟೆ ತಾ. ಇನ್ನೂ ಐತಿ ನನ್ನ ಕಡೆ."

ಅಡಿವೆಪ್ಪ ಎರಡೂ ಕೈಯಲ್ಲಿ ವಾಟೆ ಇಸಿದುಕೊಂಡ. ಅದು ಬಿಸಿಯಾಗಿತ್ತು. ಮೂರನೇ ನಂಬರಿಗೆ ಹನ್ನೆರಡು ಹೆಜ್ಜೆ. ಓಡಿದರೆ ತುಳುಕುತ್ತದೆ, ನಡೆದರೆ ತಡವಾಗುತ್ತದೆ. ಅವನಿಗೆ ಎರಡೂ ಬರಲಿಲ್ಲ. ಎರಡರ ನಡುವೆ ಹೇಗೋ ಕಾಲು ಎಳೆಯುತ್ತ, ಹಾಲಿನಿಂದ ಕಣ್ಣು ಕೀಳದೆ ಹೋದ.